ಹಿತ್ತಲಿನ ಐದು ಸಂದು

ಹಿತ್ತಲಿನ ನೆಲದ ಸಂದು ಮುಚ್ಚಲು ಕಾಯಿಸುವ ಡಾಂಬರಿನ ಡಬ್ಬಕ್ಕೆ ಬೆಂಕಿ ಹತ್ತಿಕೊಳ್ಳಬಹುದಿತ್ತು. ಆ ಬೆಂಕಿ ಪಕ್ಕದಲ್ಲಿ ಒಟ್ಟಿದ್ದ ತೆಂಗಿನ ಗರಿಗೆ, ಗರಿಯಿಂದ ಬಚ್ಚಲುಮನೆಯ ಸೂರಿಗೆ, ಸೂರಿನಿಂದ ಸಾಲುಮನೆಗಳಿಗೆ ಹಬ್ಬಿ, ಸಂಜೆಯೊಳಗೆ ಚಾಮರಾಜಪುರಂ ಪೂರ್ತಿ ಬೂದಿಯಾಗಬಹುದಿತ್ತು. ಕಾದ ಡಾಂಬರು ಮೇಸ್ತ್ರಿಯ ಪಾದದ ಮೇಲೆ ಚೆಲ್ಲಬಹುದಿತ್ತು. ಇಲ್ಲವೇ ಸಂದಿನೊಳಗೆ ಇಳಿಯುತ್ತ ಇಳಿಯುತ್ತ ನೆಲದಡಿಯ ನೀರಿನ ತೊಟ್ಟಿಗೆ ಸೇರಿ, ನಾವೆಲ್ಲ ಆ ನೀರು ಕುಡಿದು ಹಲ್ಲು ಕಪ್ಪಾಗಿ, ಮುಂದೆ ನನ್ನನ್ನು ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ಮುಟ್ಟದೆ ಎದ್ದು ಹೋಗಬಹುದಿತ್ತು. (ಆಗ ನನಗೆ ಹತ್ತು ವರ್ಷ. ಆತಂಕಕ್ಕೆ ವಯಸ್ಸಿನ ಮಿತಿ ಇರುವುದಿಲ್ಲ.) ಅಕಾಲದಲ್ಲಿ ಮಳೆ ಬರಬಹುದಿತ್ತು. ಗೂಡು ಕಳೆದುಕೊಂಡ ಇರುವೆಗಳು ಅಡುಗೆಮನೆಗೆ ದಂಡೆತ್ತಿ ಬರಬಹುದಿತ್ತು. ಪಕ್ಕದ ಮನೆಯ ಬೆಕ್ಕು ಹಸಿ ಡಾಂಬರಿಗೆ ಅಂಟಿಕೊಂಡು, ಅದನ್ನು ಸೀಮೆಎಣ್ಣೆ ಹಾಕಿ ಬಿಡಿಸುವಷ್ಟರಲ್ಲಿ ಎರಡು ಮನೆಗಳ ಮಾತು ಶಾಶ್ವತವಾಗಿ ನಿಂತುಹೋಗಬಹುದಿತ್ತು. ಅಪ್ಪ ಮೇಸ್ತ್ರಿಗೇ ಕೆಲಸ ಕಲಿಸಲು ಹೋಗಿ, ಮೇಸ್ತ್ರಿ ಅರ್ಧಕ್ಕೇ ಕೈತೊಳೆದುಕೊಂಡು ಹೊರಟುಬಿಡಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಕೆಲಸ ತುಂಬಾ ಚೆನ್ನಾಗಿ ಆಗಿಬಿಡಬಹುದಿತ್ತು. ಹಿತ್ತಲಿನ ಕಾಂಕ್ರೀಟಿನ ಸಂದುಗಳೆಲ್ಲ ಕನ್ನಡಿಯ ಹಾಗೆ ಮಟ್ಟವಾಗಿ ಮುಚ್ಚಿಹೋಗಿ, ಕಾಲಿಗೆ ಯಾವುದು ಚೌಕ ಯಾವುದು ಸಂದು ಎಂದು ತಿಳಿಯದೆ, ನಮ್ಮ ಅಜ್ಜಿ ಬೆಳಗಿನ ಹೊತ್ತು ಹೂವಿನ ಬುಟ್ಟಿ ಹಿಡಿದು ಹೋದವಳು ಒಗೆಯೋ ಕಲ್ಲಿಗೆ ಎಡವಿ ಬೀಳಬಹುದಿತ್ತು. ಬಿದ್ದರೆ ಅವಳ ಗುಟ್ಟು ಬಯಲಾಗುತ್ತಿತ್ತು. ಬಯಲಾದರೆ ಅವಳನ್ನು ಜೀವಮಾನವಿಡೀ ಒಂದು ಕಡೆ ಕೂರಿಸಿಬಿಡುತ್ತಿದ್ದರು. ನನ್ನ ನಿಜವಾದ ಭಯ ಈ ಕೊನೆಯದೊಂದೇ. ಉಳಿದವನ್ನೆಲ್ಲ ಅದಕ್ಕೆ ಜೊತೆಗಿರಲಿ ಅಂತ ನಾನೇ ಹುಟ್ಟಿಸಿಕೊಂಡಿದ್ದೆ.

ಚಿಂತೆ ಮಾಡುವುದನ್ನು ನಾನು ಕಲಿತದ್ದು ಅಪ್ಪನಿಂದ. ಅಪ್ಪ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಬೆಳಗ್ಗೆ ಮನೆ ಬಿಡುವಾಗ ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಂದು ಎಳೆದು ನೋಡುತ್ತಿದ್ದ. ಒಳಗೆ ಅಮ್ಮ, ಅಜ್ಜಿ, ನಾನು ಮೂವರೂ ಇರುತ್ತಿದ್ದೆವು ಅನ್ನುವುದು ಬೇರೆ ಮಾತು. ಅಮ್ಮ ಕಿಟಕಿಯಿಂದ ಕೈ ಚಾಚಿ ಕೀಲಿಕೈ ಈಸಿಕೊಳ್ಳುತ್ತಿದ್ದಳು. ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಬೀದಿಗೆ ಮುಖಮಾಡಿದ ಹಜಾರ, ಅದರ ಹಿಂದೆ ಹಗಲೂ ದೀಪ ಬೇಕಾದ ನಡುಮನೆ, ಪಕ್ಕದಲ್ಲಿ ದೇವರ ಕೋಣೆ, ಆಮೇಲೆ ಹೊಗೆ ಹಿಡಿದ ಅಡುಗೆಮನೆ, ಅದರ ಬಾಗಿಲು ತೆರೆದರೆ ಹಿತ್ತಲು. ಒಳಗಿನ ನೆಲವೆಲ್ಲ ಕೆಂಪು ಗಾರೆಯದು. ಅಮ್ಮ ಅದನ್ನು ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆಯ ಬಟ್ಟೆಯಿಂದ ಉಜ್ಜಿ ಉಜ್ಜಿ, ನಮ್ಮ ಮುಖ ಕಾಣುವ ಹಾಗೆ ಇಟ್ಟಿದ್ದಳು. ಆ ನೆಲದ ಮೇಲೆ ಒಂದು ಹನಿ ಸಾರು ಬಿದ್ದರೂ ನಮಗೆ ನಾವು ಹುಟ್ಟಿದ್ದರ ಬಗ್ಗೆಯೇ ಪಶ್ಚಾತ್ತಾಪವಾಗುವಂತೆ ನೋಡುತ್ತಿದ್ದಳು.

ಹಿತ್ತಲು ಮಾತ್ರ ಅಪ್ಪನ ಸಾಮ್ರಾಜ್ಯ. ಮೊದಲು ಅದು ಮಣ್ಣಿನ ಹಿತ್ತಲು. ಮಳೆಗಾಲದಲ್ಲಿ ಅಮ್ಮನ ಕೆಂಪು ನೆಲದ ಮೇಲೆ ಕೆಸರಿನ ಹೆಜ್ಜೆ ಮೂಡುತ್ತವೆ ಅಂತ ಅಪ್ಪ ಅದಕ್ಕೆ ಕಾಂಕ್ರೀಟು ಹಾಕಿಸಿದ. ಹಾಕಿದವರು ಚೌಕ ಚೌಕವಾಗಿ, ನಡುನಡುವೆ ಬೆರಳು ದಪ್ಪದ ಮರದ ಪಟ್ಟಿ ಇಟ್ಟು ಹಾಕಿದ್ದರು. ಕೆಲವು ವರ್ಷಕ್ಕೆ ಪಟ್ಟಿಗಳು ಕೊಳೆತು ಉದುರಿಹೋದವು. ಸಂದುಗಳು ಉಳಿದವು. ಅಡುಗೆಮನೆ ಬಾಗಿಲಿಂದ ಕಾಂಪೌಂಡಿನ ಕಡೆಗೆ ನಡೆದರೆ ಅಡ್ಡಕ್ಕೆ ಅಂಥ ಐದು ಸಂದು. ಐದನೆಯದನ್ನು ದಾಟಿ ಬಲಕ್ಕೆ ತಿರುಗಿದರೆ ನಂದಿಬಟ್ಟಲು, ಕಣಗಿಲೆ, ಒಂದು ಎಳೆಯ ಬಿಲ್ವಪತ್ರೆಯ ಗಿಡ. ದಾರಿಯ ಎಡಕ್ಕೆ ಒಗೆಯೋ ಕಲ್ಲು. ಬಲಕ್ಕೆ ನೆಲದಡಿಯ ನೀರಿನ ತೊಟ್ಟಿ, ನಾವು ಸಂಪು ಅನ್ನುತ್ತಿದ್ದದ್ದು, ಅದರ ಕಬ್ಬಿಣದ ಮುಚ್ಚಳ ಮತ್ತು ಮೇಲಕ್ಕೆ ಎದ್ದು ನಿಂತ ಹಿಡಿ. ಈ ಭೂಗೋಳ ಇಷ್ಟು ವಿವರವಾಗಿ ನನಗೆ ಇವತ್ತಿಗೂ ಬಾಯಿಪಾಠ. ಯಾಕೆಂದರೆ ಅಜ್ಜಿಗೆ ಇದು ಕಾಲುಪಾಠವಾಗಿತ್ತು.

ಅಜ್ಜಿ ಅಪ್ಪನ ತಾಯಿ, ನಂಜನಗೂಡಿನ ಕಡೆಯ ಹಳ್ಳಿಯವಳು. ಬೆಳಗ್ಗೆ ಸ್ನಾನ ಮುಗಿಸಿ, ಹಣೆ ತುಂಬ ವಿಭೂತಿ ಬಳಿದು, ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಗಿಡಕ್ಕೆ ಹಾಕುವ ಒಂದು ಚೊಂಬು ನೀರು ಹಿಡಿದು ಹೂವಿಗೆ ಹೊರಡುತ್ತಿದ್ದಳು. ತನ್ನ ಲಿಂಗಪೂಜೆಯ ಹೂವು ತಾನೇ ಕೀಳಬೇಕು. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಉಪಕಾರ ಮಾಡೋಣ ಅಂತ ಕಿತ್ತುಕೊಟ್ಟಿದ್ದಕ್ಕೆ ಅಜ್ಜಿ ಆ ಹೂವನ್ನು ಕಿಟಕಿಯ ಮೇಲೆ ಬಾಡಲು ಬಿಟ್ಟು, ತಾನು ಬೇರೆ ಕಿತ್ತು ತಂದಿದ್ದಳಂತೆ. ಅದರ ನೆನಪು ಅಮ್ಮನಿಗೆ ಬಾಡಿರಲಿಲ್ಲ. ನಡೆಯುವಾಗ ಅಜ್ಜಿ ಒಂದೊಂದು ಸಂದಿನ ಮೇಲೂ ಹೆಬ್ಬೆರಳು ಊರಿ ಒಂದೊಂದು ಹೆಸರು ಹೇಳುತ್ತಿದ್ದಳು. ನಂಜುಂಡ. ಮಾದೇವ. ಬಸವ. ಸಿದ್ಧ. ತಾಯಿ. ತಾಯಿ ಅಂದ ಕೂಡಲೇ ಬಲಕ್ಕೆ ತಿರುಗುತ್ತಿದ್ದಳು. ಅದು ಹಳ್ಳಿಯ ಭಕ್ತಿ ಅಂತ ನಾವೆಲ್ಲ ತಿಳಿದಿದ್ದೆವು. ಬಂದ ನೆಂಟರಿಗೂ ಅಪ್ಪ ಹಾಗೇ ಹೇಳುತ್ತಿದ್ದ: ನಮ್ಮವ್ವ ಕಾಂಕ್ರೀಟಿನಲ್ಲೂ ದೇವರನ್ನು ಕಾಣ್ತಾಳೆ.

ಅವಳಿಗೆ ಕಾಂಕ್ರೀಟೂ ಕಾಣುತ್ತಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಅಪ್ಪ ಮೊದಲ ಸಲ ಸಂದು ಮುಚ್ಚಿದಾಗ. ಮೇಸ್ತ್ರಿ ಯಾಕೆ, ಇಷ್ಟಕ್ಕೆಲ್ಲ, ಅಂತ ಒಂದು ಭಾನುವಾರ ಅಪ್ಪ ತಾನೇ ಸಿಮೆಂಟು ಕಲಸಿಕೊಂಡು, ಐದು ಸಂದಿಗೂ ಗಿಡಿದು ತುಂಬಿ, ಮಟ್ಟಗೋಲು ಇಟ್ಟು, ಅದರ ಗಾಜಿನೊಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ಉಜ್ಜಿದ. ಮೊಣಕಾಲು ಊದಿಕೊಂಡಿತು, ಆದರೆ ನೆಲ ಮಟ್ಟವಾಯಿತು. ಒಣಗಿದ ಮೇಲೆ ಅಜ್ಜಿ ಬುಟ್ಟಿ ಹಿಡಿದು ಹೊರಟಳು. ಹೊಸಲಿನ ಬಳಿ ನಾನು ಹಲ್ಲುಜ್ಜುತ್ತಿದ್ದೆ. ಅವಳು ಎರಡು ಹೆಜ್ಜೆ ಇಟ್ಟು ನಿಂತಳು. ಹೆಬ್ಬೆರಳು ನೆಲವನ್ನು ಅತ್ತ ಸವರಿತು, ಇತ್ತ ಸವರಿತು. ಬಾಯಲ್ಲಿ ನಂಜುಂಡ ಬರಲೇ ಇಲ್ಲ. ಆಮೇಲೆ ಏನೋ ನಿರ್ಧಾರ ಮಾಡಿದವಳ ಹಾಗೆ ಸರಸರನೆ ನಡೆದು, ಗೊತ್ತಿಲ್ಲದೆ ಎಡಕ್ಕೆ ಸರಿದು ಒಗೆಯೋ ಕಲ್ಲಿಗೆ ಮುಂಗಾಲು ಬಡಿದುಕೊಂಡಳು. ಬುಟ್ಟಿ ಹಾರಿತು. ಅಜ್ಜಿ ಆ ಕಲ್ಲಿನ ಮೇಲೆ ಕೂರಲೆಂದೇ ಬಂದವಳ ಹಾಗೆ ಸೀರೆ ಸರಿಮಾಡಿಕೊಂಡು ಕೂತಳು. ನಾನು ಬಾಯಲ್ಲಿ ನೊರೆ ಇಟ್ಟುಕೊಂಡೇ ಓಡಿದೆ.

"ಪುಟ್ಟಿ, ನೀನಾ?"

"ಹೂಂ ಅಜ್ಜಿ."

"ನಾನು ಎಲ್ಲಿ ಕೂತಿದೀನಿ ಯೋಳು?"

ಕಲ್ಲಿನ ಮೇಲೆ ಅಂದೆ. ಅಜ್ಜಿ ತಲೆಯಾಡಿಸಿ, ನನ್ನ ಮೊಣಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಯಾರ್ಗೂ ಯೋಳ್ಬ್ಯಾಡ ಮಗ. ಕಣ್ಣು ಮಂಜಾಗ್ಬುಟ್ಟದೆ. ಬೆಳಕು ಕಾಣ್ತದೆ, ಬೇರೆ ಏನೂ ಕಾಣಕಿಲ್ಲ."

"ಡಾಕ್ಟ್ರಿಗೆ ತೋರ್ಸೋಣ ಅಜ್ಜಿ."

"ತೋರ್ಸಾನ ಬುಡು. ನಮ್ಮಕ್ಕನ್ನ ನೀನು ನೋಡಿಲ್ಲ. ಕಣ್ಣು ಮಂಜು ಅಂದದ್ದೇ ತಡ, ಮಂಚದ ಮ್ಯಾಲೆ ಕೂರ್ಸ್‌ಬುಟ್ರು. ನೀನು ಏಳ್ಬ್ಯಾಡ, ನಾವು ತತ್ತೀವಿ. ನೀನು ಏಳ್ಬ್ಯಾಡ, ನಾವು ಮಾಡ್ತೀವಿ. ಎಲ್ಲಾ ಪ್ರೀತಿಯಿಂದ್ಲೇ ಅಂದ್ರು. ಕೊನೆಗೆ ಅವಳ್ಗೆ ಏಳೋದೇ ಮರ್ತೋಯ್ತು."

ಆ ದಿನದಿಂದ ನನ್ನ ಹೊಟ್ಟೆಯಲ್ಲಿ ಒಂದು ಗುಟ್ಟು, ಅದರ ಸುತ್ತ ಒಂದು ನೂರು ಭಯ. ಅಜ್ಜಿ ಹೂವಿಗೆ ಹೊರಟಾಗೆಲ್ಲ ನಾನು ಅವಳ ಮುಂದೆ ಕುಂಟೆಬಿಲ್ಲೆ ಆಡುವ ನೆಪದಲ್ಲಿ ಕುಂಟಿಕೊಂಡು ಹೋಗುತ್ತ, ಸಂದು ಇದ್ದ ಜಾಗದಲ್ಲೆಲ್ಲ ಪಟ್ಟನೆ ನೆಲ ಬಡಿಯುತ್ತಿದ್ದೆ. ಆ ಶಬ್ದಕ್ಕೆ ಅಜ್ಜಿ ಮೆಲ್ಲಗೆ ಮಾದೇವ ಅನ್ನುತ್ತಿದ್ದಳು. ಬೆಳಗ್ಗೆ ಎದ್ದ ಕೂಡಲೇ ಈ ಹುಡುಗಿಗೆ ಆಟ ಅಂತ ಅಮ್ಮ ಬೈಯುತ್ತಿದ್ದಳು. ಜ್ವರ ಬಂದರೆ ಯಾರು ಕುಂಟುತ್ತಾರೆ ಅನ್ನುವ ಚಿಂತೆಗೆ ನನಗೆ ಎರಡು ಸಲ ಜ್ವರವೂ ಬಂತು, ಎರಡೂ ಸಲ ನಾನು ಎದ್ದು ಹೋಗಿ ಕುಂಟಿದೆ. ಆದರೆ ಶಿವರಾತ್ರಿ ಕಳೆದು ಬಿಸಿಲು ಏರಿದ ಹಾಗೆ ಅಪ್ಪನ ಸಿಮೆಂಟು ಹಪ್ಪಳದ ಹಾಗೆ ಸೀಳಿ, ಚಕ್ಕೆ ಚಕ್ಕೆಯಾಗಿ ಎದ್ದುಬಂತು. ಹೋಗುವಾಗ ಚೌಕಗಳ ಅಂಚನ್ನೂ ಅಲ್ಲಲ್ಲಿ ಕಚ್ಚಿಕೊಂಡು ಹೋಯಿತು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಅಜ್ಜಿ ಅವತ್ತು ತಂಬಿಟ್ಟು ಮಾಡಿಸಿದಳು.

ಮುಂದಿನ ಮಳೆಗಾಲದಲ್ಲಿ ಆ ತಂಬಿಟ್ಟಿನ ಖುಷಿ ಇಳಿಯಿತು. ಸಂದುಗಳಿಂದ ಇಳಿದ ನೀರು ಸಂಪಿನ ಗೋಡೆಯೊಳಕ್ಕೆ ದಾರಿ ಮಾಡಿಕೊಂಡಿತ್ತು. ಒಂದು ಬೆಳಗ್ಗೆ ಅಮ್ಮ ಸೇದಿದ ಬಿಂದಿಗೆಯಲ್ಲಿ ನೀರು ಚಹಾದ ಬಣ್ಣಕ್ಕಿತ್ತು, ಒಂದು ಎರೆಹುಳ ಅದರಲ್ಲಿ ಆರಾಮಾಗಿ ಈಜುತ್ತಿತ್ತು. ಅವತ್ತಿಂದ ಕುಡಿಯುವ ನೀರನ್ನೆಲ್ಲ ಬಟ್ಟೆಯಲ್ಲಿ ಸೋಸಿ, ಕುದಿಸಿ, ಮತ್ತೆ ಸೋಸಿ ಕೊಡುತ್ತಿದ್ದರು. ಆದರೂ ನನಗೆ ಹೊಟ್ಟೆ ಕೆಟ್ಟಿತು. ಮೂರು ದಿನ ಗಂಜಿ ಕುಡಿದು ನಾಲ್ಕನೆಯ ದಿನ ಮುದ್ದೆ, ಉಪ್ಸಾರಿನ ಮುಂದೆ ಕೂತಿದ್ದಾಗ ಅಪ್ಪ ವಿಷಯ ತೆಗೆದ.

"ಮಳೆ ನಿಂತ ಮೇಲೆ ಪುಟ್ಟಸ್ವಾಮಿ ಮೇಸ್ತ್ರೀನ ಕರೆಸ್ತೀನಿ. ಸಂದೆಲ್ಲ ಭದ್ರವಾಗಿ ಮುಚ್ಚಿಸ್ಬೇಕು."

"ಬ್ಯಾಡ," ಅಂದಳು ಅಜ್ಜಿ, ಮುದ್ದೆ ಮುರಿಯುತ್ತ.

"ಯಾಕವ್ವ?"

"ಇರುವೆ ಅವೆ ಅದ್ರೊಳಗೆ. ಪಾಪ."

"ಇರುವೆಗೆ ಬೇರೆ ಜಾಗ ಸಿಗುತ್ತವ್ವ."

"ಭೂಮ್ತಾಯಿ ಉಸಿರಾಡ್ಬೇಕು."

ಅಮ್ಮ ಸಾರಿನ ಸೌಟನ್ನು ಪಾತ್ರೆಗೆ ಠಣ್ ಅಂತ ಹಾಕಿದಳು. "ಎಲ್ಲದಕ್ಕೂ ಬೇಡ ಅಂದ್ರೆ ಹೇಗೆ ಅತ್ತೆ? ಭೂಮ್ತಾಯಿ ಉಸಿರಾಡ್ತಾ ಕೂತ್ಕೊಳ್ಳಲಿ, ಹುಳ ಬಿದ್ದ ನೀರು ಕುಡಿದು ನಿಮ್ಮ ಮೊಮ್ಮಗಳು ಕಡ್ಡಿ ಆಗಿದಾಳೆ, ಅದು ಕಾಣಲ್ವಾ ನಿಮ್ಗೆ?"

ಕಾಣಲ್ವಾ ಅನ್ನುವ ಮಾತಿಗೆ ನಾನು ತಟ್ಟನೆ ಅಜ್ಜಿಯ ಕಡೆ ನೋಡಿದೆ. ಅಜ್ಜಿ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಟ್ಟಳು. ನಾನು ಇರುವ ದಿಕ್ಕಿಗೆ ಮುಖ ತಿರುಗಿಸಿದಳು. "ಮಾಡ್ಸು," ಅಂದಳು. "ಬೇಗ್ನೆ ಮಾಡ್ಸು." ಅಮ್ಮ ಗೆದ್ದಿದ್ದಳು, ಆದರೆ ಇಷ್ಟು ಸುಲಭಕ್ಕೆ ಗೆದ್ದು ಅಭ್ಯಾಸವಿಲ್ಲದ ಕಾರಣ ಗಾಬರಿಯಾಗಿ ಅತ್ತೆಗೆ ಎರಡು ಸೌಟು ಸಾರು ಜಾಸ್ತಿ ಬಡಿಸಿದಳು. ಕೈತೊಳೆಯುವಾಗ ಅಜ್ಜಿ ನನ್ನ ಕಿವಿಯಲ್ಲಿ ಅಂದಳು:

"ಇನ್ನು ಹೂವ ನೀನೇ ಕಿತ್ತ್ಕೊಡು ಮಗ. ಬುಡು, ಅಂಗೇ ಆಗ್ಲಿ."

ಬೇರೆಯವರು ಕಿತ್ತ ಹೂವನ್ನು ಬಾಡಲು ಬಿಟ್ಟವಳು ಅವಳು. ಅವಳ ಬಾಯಲ್ಲಿ ಈ ಮಾತು ಕೇಳಿ ನನಗೆ ಮಂಚ ಕಂಡಿತು. ನಡುಮನೆಯ ಗೋಡೆಗೆ ಒರಗಿಸಿದ್ದ ಮಡಚುವ ಮಂಚ, ಅದರ ಮೇಲೆ ಅಜ್ಜಿ, ಅವಳ ಸುತ್ತ ನಾವೆಲ್ಲ ನಿಂತು ಪ್ರೀತಿಯಿಂದ ಏಳಬೇಡ ಏಳಬೇಡ ಅನ್ನುತ್ತಿರುವುದು. ನೀರು ಒಳಗೆ ಹೋಗಬಾರದು, ಕಾಲಿಗೆ ಸಂದು ಸಿಗಬೇಕು. ಇವೆರಡೂ ಒಟ್ಟಿಗೆ ಆಗುವುದು ಹೇಗೆ ಅಂತ ಯಾರನ್ನು ಕೇಳುವುದು? ಕೇಳಿದರೆ ಯಾಕೆ ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ನಾನು ಸುಳ್ಳು ಹೇಳಲಾರೆ. ಸುಳ್ಳು ಹೇಳಿದರೆ ನನ್ನ ಕಿವಿ ಕೆಂಪಾಗುತ್ತಿತ್ತು.

ಪುಟ್ಟಸ್ವಾಮಿ ಮೇಸ್ತ್ರಿ ದೀಪಾವಳಿ ಕಳೆದು ಬಂದರು. ಕುಳ್ಳಗೆ, ನರೆತ ಮೀಸೆಯ ಮನುಷ್ಯ. ಕೆಲಸ ನೋಡುವ ಮೊದಲು ಕೆಲಸದ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬೀಡಿ ಹಚ್ಚುವುದು ಅವರ ಪದ್ಧತಿ. ಅವರು ಬಂದ ಹೊತ್ತಿಗೆ ಅಜ್ಜಿ ಹೂವು ಕೀಳಲು ಹೊರಟಿದ್ದಳು. ಬಾಕಿ ಇರುವ ನಾಲ್ಕು ದಿನವಾದರೂ ತಾನೇ ಕೀಳಬೇಕು ಅಂತ ಅವಳ ಹಟ. ಮೇಸ್ತ್ರಿ ಬೀಡಿ ಮರೆತು ಅವಳ ಕಾಲನ್ನೇ ನೋಡುತ್ತ ನಿಂತದ್ದನ್ನು ನಾನು ನೋಡಿದೆ. ಆಮೇಲೆ ಕೂತು, ಸಂದಿನಿಂದ ಅಪ್ಪನ ಹಳೆಯ ಸಿಮೆಂಟಿನ ಚೂರೊಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡರು.

"ಇದ್ಯಾವ ಪುಣ್ಯಾತ್ಮ ಮಾಡಿದ್ದು ಸಾಮಿ?"

ಅಪ್ಪ ಕೆಮ್ಮಿ, "ಯಾರೋ ಮಾಡಿದ್ರು ಹಿಂದೆ," ಅಂದ. ಅಪ್ಪನ ಕಿವಿಯೂ ಕೆಂಪಾಯಿತು. ಅದು ನಮ್ಮ ವಂಶದ್ದು.

"ಕಲ್ಲಿಗೆ ಕಲ್ಲು ಗಿಡಿದ್ರೆ ಏನಾಯ್ತದೆ? ಬಿಸಿಲಿಗೆ ಈ ಚೌಕ ಹಿಗ್ತದೆ, ಆ ಚೌಕ ಹಿಗ್ತದೆ, ನಡುವೆ ಇದು ಎಲ್ಲೋಯ್ತದೆ? ಎದ್ದೇ ಬರ್ಬೇಕು. ಇಲ್ಲಿಗೆ ಮೆತ್ತಗಿನ್ದು ಬೇಕು. ತಳಕ್ಕೆ ಗೋಣಿ ಹುರಿ, ಮ್ಯಾಲೆ ಡಾಂಬರು. ಅವು ಹಿಗ್ಗುದ್ರೆ ಇದು ಕುಗ್ತದೆ, ಅವು ಕುಗ್ಗುದ್ರೆ ಇದು ಎಳ್ಕತದೆ."

"ಮಟ್ಟವಾಗಿ ಬರಬೇಕು ಮೇಸ್ತ್ರಿ," ಅಂದ ಅಪ್ಪ. ಮಟ್ಟಗೋಲು ಆಗಲೇ ಕಂಕುಳಲ್ಲಿತ್ತು. "ಕೈ ಆಡ್ಸಿದ್ರೆ ಸಂದು ಅಂತ ಗೊತ್ತಾಗಬಾರದು. ಗುಳ್ಳೆ ನಡುವೆ ನಿಲ್ಲಬೇಕು."

ಆ ಕ್ಷಣ ನನ್ನ ಬಾಯಿಂದ ಬಂದ ಪ್ರಶ್ನೆಗೆ ನಾನು ಯಾವ ತಯಾರಿಯನ್ನೂ ಮಾಡಿರಲಿಲ್ಲ. ನಾನು ಸುಳ್ಳು ಹೇಳಲಾರೆ, ಆದರೆ ಹೆದರಬಲ್ಲೆ. ಹೆದರುವುದು ನಮ್ಮ ಮನೆಯಲ್ಲಿ ಎಲ್ಲರೂ ಗೌರವಿಸುವ ಭಾಷೆ.

"ಅಪ್ಪ, ಬಿಸಿಲಿಗೆ ಚೌಕ ಹಿಗ್ಗಿದಾಗ ಡಾಂಬರು ಎಲ್ಲಿಗೆ ಹೋಗುತ್ತೆ? ಮೇಲಕ್ಕೆ ಉಬ್ಬುತ್ತಾ?"

ಅಪ್ಪನ ಮುಖದಲ್ಲಿ ಒಂದು ಗೆರೆ ಮೂಡಿತು. ನನಗೆ ಆ ಗೆರೆಯ ಪರಿಚಯ ಚೆನ್ನಾಗಿತ್ತು.

"ಉಬ್ಬಿದ್ದು ಕಾಲಿಗೆ ಅಂಟುತ್ತಾ?"

ಎರಡನೆಯ ಗೆರೆ. "ಅಂಟಬಹುದು ಕಣೇ," ಅಂದ ಅಪ್ಪ, ಮೆಲ್ಲಗೆ, ನಾನು ಅವನ ಸಹೋದ್ಯೋಗಿ ಅನ್ನುವ ಹಾಗೆ.

"ಅಂಟಿದ ಕಾಲಲ್ಲಿ ಮರೆತು ಒಳಗೆ ಬಂದ್ರೆ?"

ಈ ಮೂರನೆಯದಕ್ಕೆ ಉತ್ತರ ಅಮ್ಮನಿಂದ ಬಂತು. ಈಳಿಗೆ ಮಣೆ ಬಿಟ್ಟು ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನನ್ನ ಕೆಂಪು ನೆಲ! ರೀ, ನನ್ನ ನೆಲದ ಮೇಲೆ ಒಂದು ಕಪ್ಪು ಬೊಟ್ಟು ಬಿದ್ರೂ ನಾನು ಈ ಮನೇಲಿ ಇರಲ್ಲ ಕಣ್ರೀ, ಈಗ್ಲೇ ಹೇಳಿದೀನಿ."

ಅಮ್ಮ ಈ ಮನೆಯಲ್ಲಿ ಇರುವುದಿಲ್ಲ ಅನ್ನುವುದು ವಾರಕ್ಕೆ ಎರಡು ಸಲವಾದರೂ ಬರುವ ಮಾತು. ಆದರೂ ಅಪ್ಪ ಮಟ್ಟಗೋಲನ್ನು ಕಂಕುಳಿಂದ ತೆಗೆದು ಗೋಡೆಗೆ ಒರಗಿಸಿದ. ಮೇಸ್ತ್ರಿ ನನ್ನ ಕಡೆ ಒಂದು ಸಲ, ಹೂವಿನ ಗಿಡಗಳ ನಡುವೆ ಇದ್ದ ಅಜ್ಜಿಯ ಕಡೆ ಒಂದು ಸಲ ನೋಡಿದರು.

"ಮಗಾ ಯೋಳೋದ್ರಲ್ಲಿ ತಪ್ಪಿಲ್ಲ ಸಾಮಿ. ಭರ್ತಿ ತುಂಬ್ಬಾರ್ದು. ಒಂದು ಉಗುರಷ್ಟು ತಗ್ಗಿಸಿ ಬುಡಾನ. ಉಬ್ಬುದ್ರೂ ಮ್ಯಾಕೆ ಬರಾಕಿಲ್ಲ."

"ಆ ತಗ್ಗಿನಲ್ಲಿ ನೀರು ನಿಲ್ಲಲ್ವಾ?"

"ನಿಂತ್ರೆ ನಿಲ್ಲಲಿ, ಒಳಕ್ಕೋಗಾಕಿಲ್ಲ. ಬಿಸಿಲು ಬಂದ್ರೆ ಆರೋಯ್ತದೆ."

ಒಂದು ಉಗುರು ಅಂದರೆ ಯಾರ ಉಗುರು ಅಂತ ಅಪ್ಪ ಕೇಳಿದ. ಮೇಸ್ತ್ರಿ ತಮ್ಮ ಹೆಬ್ಬೆರಳನ್ನು ಎತ್ತಿ ತೋರಿಸಿದರು. ಅಪ್ಪ ತನ್ನದನ್ನು ಪಕ್ಕಕ್ಕಿಟ್ಟು ಹೋಲಿಸಿ ನೋಡಿ ಒಪ್ಪಿಗೆ ಕೊಟ್ಟ.

ಕೆಲಸಕ್ಕಿಂತ ಅದರ ತಯಾರಿಯೇ ಜಾಸ್ತಿ. ಮೂರು ದಿನ ಹಿತ್ತಲಿಗೆ ಒಂದು ತೊಟ್ಟು ನೀರು ಬೀಳುವ ಹಾಗಿರಲಿಲ್ಲ, ಒದ್ದೆ ಸಂದಿಗೆ ಡಾಂಬರು ಹಿಡಿಯುವುದಿಲ್ಲವಂತೆ. ಬಟ್ಟೆ ಒಗೆತ ನಿಂತಿತು, ಗಿಡಗಳಿಗೆ ನೀರು ನಿಂತಿತು, ಪಾತ್ರೆಗಳು ಬಚ್ಚಲುಮನೆಗೆ ವಲಸೆ ಹೋದವು. ಮೇಸ್ತ್ರಿ ಗರಗಸದ ಅಲಗಿನಿಂದ ಸಂದುಗಳನ್ನು ಕೆರೆದು ಕೆರೆದು ಹುಲ್ಲು, ಮಣ್ಣು, ಅಪ್ಪನ ಸಿಮೆಂಟಿನ ಕೊನೆಯ ಚೂರುಗಳನ್ನೆಲ್ಲ ತೆಗೆದರು. ಇರುವೆಗಳಿಗೆ ಮೊದಲೇ ಸುದ್ದಿ ಮುಟ್ಟಲಿ ಅಂತ ಅಜ್ಜಿ ಬಿಲ್ವದ ಬುಡದಲ್ಲಿ ಬೆಲ್ಲದ ಪುಡಿ ಹಾಕಿಸಿದಳು. ಅವು ಬಿಳಿ ಮೊಟ್ಟೆ ಹೊತ್ತು ಸಾಲಾಗಿ ಅತ್ತ ಹೊರಟಿದ್ದನ್ನು ನಾನು ಅವಳಿಗೆ ಆಟದ ವೀಕ್ಷಕ ವಿವರಣೆಯ ಹಾಗೆ ಹೇಳಿದೆ. ಸೈಕಲ್ ಪಂಪಿನಿಂದ ಧೂಳು ಊದುವ ಕೆಲಸ ನನ್ನದು. ಆಮೇಲೆ ಗೋಣಿ ಹುರಿಯನ್ನು ಉಳಿಯ ತುದಿಯಿಂದ ಸಂದಿನ ತಳಕ್ಕೆ ಒತ್ತಿ ಒತ್ತಿ ಕೂರಿಸಿದರು. ಮೂರು ಕಲ್ಲಿನ ಒಲೆಯ ಮೇಲೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಡಾಂಬರು ಕರಗಿತು. ಮೂತಿ ಉದ್ದದ ಹಳೆಯ ಕೆಟಲಿಗೆ ಅದನ್ನು ಬಗ್ಗಿಸಿಕೊಂಡು, ಉಸಿರು ಬಿಗಿಹಿಡಿದು, ಸಂದಿನ ಉದ್ದಕ್ಕೂ ಒಂದು ಕಪ್ಪು ದಾರ ಎಳೆದ ಹಾಗೆ ಸುರಿಯುತ್ತ ಹೋದರು. ಮೇಲೆ ಸಣ್ಣ ಮರಳು ಉದುರಿಸಿದರು. ಅಪ್ಪ ಅವರ ಹಿಂದೆ ಮಂಡಿಯೂರಿಕೊಂಡು, ಆರಿದ ಕಡೆಯೆಲ್ಲ ಹೆಬ್ಬೆರಳು ಇಟ್ಟು ತಗ್ಗು ಅಳೆಯುತ್ತ, ಸರಿ, ಸರಿ, ಇಲ್ಲಿ ಸ್ವಲ್ಪ ಜಾಸ್ತಿ ಆಯ್ತೇನೋ, ಸರಿ, ಅನ್ನುತ್ತಿದ್ದ. ಡಾಂಬರಿಗೆ ಬೆಂಕಿ ಹತ್ತಲಿಲ್ಲ. ಬೆಕ್ಕು ಗೋಡೆಯ ಮೇಲೆ ಕೂತು ನೋಡಿತು, ಇಳಿಯಲಿಲ್ಲ.

ಸಂಜೆಗೆ ಅಪ್ಪ ಒಳಗೆ ಹೋದ ಮೇಲೆ ಮೇಸ್ತ್ರಿ ಚಪ್ಪಲಿ ಬಿಟ್ಟು, ಅಡುಗೆಮನೆ ಹೊಸಲಿಗೆ ಬೆನ್ನು ಮಾಡಿ ನಿಂತರು. ಕಣ್ಣು ಮುಚ್ಚಿಕೊಂಡರು. ಬರಿಗಾಲಲ್ಲಿ ನಡೆಯುತ್ತ, ಪ್ರತಿ ಸಂದಿನಲ್ಲೂ ನಿಂತು ಹೆಬ್ಬೆರಳು ಒತ್ತಿ, ಬೆರಳೆಣಿಸಿ, ಐದಕ್ಕೆ ನಿಂತು ಕಣ್ಣು ತೆರೆದರು. ನಾನು ಬಾಯಿ ತೆರೆದು ನೋಡುತ್ತಿದ್ದೆ.

"ಸಿಕ್ತದೆ," ಅಂದರು ನನಗೆ ಮಾತ್ರ ಕೇಳುವ ಹಾಗೆ. "ನಮ್ಮವ್ವನೂ ಅಂಗೇ ಇದ್ಲು ಕಣವ್ವ. ಗೋಡೆ ಸವರ್ಕಂಡು ಓಡಾಡೋಳು. ಸುಣ್ಣ ಬಳುದ್ರೆ ಬೊಯ್ಯೋಳು, ನನ್ನ ದಾರಿ ಅಳಿಸ್ಬುಟ್ರಿ ಅಂತ." ಬೀಡಿ ಹಚ್ಚಿಕೊಂಡು, ಸಾಮಾನು ಚೀಲಕ್ಕೆ ತುಂಬಿಕೊಂಡು ಹೊರಟರು.

ಗುಟ್ಟು ಆಮೇಲೆ ತಾನಾಗಿಯೇ ಬಯಲಾಯಿತು. ಒಂದು ಹಬ್ಬದ ದಿನ ಅಜ್ಜಿ ಪಾಯಸಕ್ಕೆ ಸಕ್ಕರೆಯೆಂದು ರವೆ ಹಾಕಿದಳು, ಎಲ್ಲರೂ ಒಂದು ತುತ್ತು ಬಾಯಿಗಿಟ್ಟು ಬಟ್ಟಲು ಕೆಳಗಿಟ್ಟರು. ಅಪ್ಪ ಮಂಚದ ಕಡೆ ನೋಡಿದ್ದು ನಿಜ. ಆಗ ಅಮ್ಮ ಅಂದ ಮಾತು ನನಗೆ ಇವತ್ತಿಗೂ ಆಶ್ಚರ್ಯ: ದಿನಾ ಹೂವಿಗೆ ಹೋಗಿ ಬರೋರಿಗೆ ಮಂಚ ಯಾಕೆ ರೀ, ಕನ್ನಡಕ ಮಾಡಿಸಿ. ಅಜ್ಜಿಗೆ ಕಣ್ಣಿನ ಆಪರೇಷನ್ ಆಯಿತು. ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಹಿತ್ತಲಿಗೆ ಇಳಿದವಳು ಮೊದಲು ಆಡಿದ್ದು ನಮ್ಮೆಲ್ಲರ ಮೇಲಿನ ದೂರು, ಒಗೆಯೋ ಕಲ್ಲಿಗೆ ಇಷ್ಟು ಪಾಚಿ ಹಿಡಿಯೋ ತನ್ಕ ಏನ್ ಮಾಡ್ತಿದ್ರಿ ಎಲ್ರೂ ಅಂತ. ಕನ್ನಡಕ ಬಂದ ಮೇಲೂ ಅವಳು ಸಂದುಗಳಿಗೆ ಹೆಸರು ಹೇಳುವುದನ್ನು ಬಿಡಲಿಲ್ಲ. ಅಷ್ಟು ಹೊತ್ತಿಗೆ ಅದು ನಿಜವಾಗಿಯೂ ಭಕ್ತಿಯಾಗಿತ್ತೋ ಏನೋ. ಮಂಚ ಮಡಚಿಕೊಂಡೇ ಇತ್ತು. ಈಗ ಒಂಟಿಕೊಪ್ಪಲಿನ ನಮ್ಮ ಮನೆಯ ಮುಂದಿನ ಕಾಂಕ್ರೀಟಿಗೂ ಸಂದುಗಳಿವೆ. ಅಂಗಡಿಯಿಂದ ತಂದ ರಬ್ಬರಿನಂಥ ಪೇಸ್ಟನ್ನು ಬಂದೂಕಿನಂಥದ್ದಕ್ಕೆ ಹಾಕಿ ನಾನೇ ಒತ್ತುತ್ತೇನೆ. ತಳಕ್ಕೆ ಹುರಿಯ ಬದಲು ಸ್ಪಂಜಿನ ಸರ. ಒತ್ತುವ ಮೊದಲು ನಾಲ್ಕು ದಿನ ಹವಾಮಾನ ನೋಡುತ್ತೇನೆ, ಕೊಳವೆಯ ಮೇಲಿನ ಸಣ್ಣಕ್ಷರವನ್ನೆಲ್ಲ ಎರಡು ಸಲ ಓದುತ್ತೇನೆ. ಮೇಲ್ಮೈಗಿಂತ ಸ್ವಲ್ಪ ತಗ್ಗಿಸಿ ಬಿಡಿ ಅಂತ ಅದರಲ್ಲೂ ಬರೆದಿದೆ. "ಕಾರು ನಿಲ್ಲಿಸೋ ಜಾಗ ಕಣೇ ಇದು, ಆಪರೇಷನ್ ಥಿಯೇಟರ್ ಅಲ್ಲ," ಅನ್ನುತ್ತಾರೆ ನನ್ನ ಗಂಡ. ಅವರ ಮನೆತನದಲ್ಲಿ ಯಾರಿಗೂ ಹೆದರುವುದು ಸರಿಯಾಗಿ ಬರುವುದಿಲ್ಲ. ಪಾಪ, ಕಲಿಸುವವರು ಇರಲಿಲ್ಲ.

ಡಾಂಬರು ಹಾಕಿದ ಮಾರನೆಯ ಬೆಳಗ್ಗೆ ನಾನು ಅಜ್ಜಿಗಿಂತ ಮುಂಚೆ ಎದ್ದಿದ್ದೆ. ಅವಳು ಸ್ನಾನಕ್ಕೆ ಹೋಗಿದ್ದಾಗ ಹಿತ್ತಲಿಗೆ ಇಳಿದು ನೋಡಿದೆ. ಬಕೆಟ್ಟು ಎತ್ತಿ ಗೋಡೆಗೆ ಸೇರಿಸಿದೆ. ಒಗೆಯೋ ಕಲ್ಲಿನ ಅಂಚಿಗೆ ಗೋಣಿಚೀಲ ಹೊದಿಸಿದೆ. ಸಂಪಿನ ಮುಚ್ಚಳದ ಹಿಡಿಗೆ ಹಳೆಯ ಟವೆಲು ಸುತ್ತಿದೆ. ಡಾಂಬರು ಕೈಗೆ ಅಂಟುತ್ತದೆಯೇ ಅಂತ ಐದೂ ಕಡೆ ಮುಟ್ಟಿ ನೋಡಿದೆ, ಅಂಟಲ್ಲ. ಇಷ್ಟಾದರೂ ಸಮಾಧಾನವಾಗದೆ, ಐದನೆಯ ಸಂದಿನಾಚೆ, ಹೂವಿನ ಗಿಡಗಳಿಗೆ ತಿರುಗುವ ಜಾಗದಲ್ಲಿ, ಅವಳು ವಾಲಿದರೆ ಹಿಡಿದುಕೊಳ್ಳೋಣ ಅಂತ ಎರಡೂ ಕೈ ಅಗಲಿಸಿ, ಅವಳಿಗೆ ಗೊತ್ತಾಗಬಾರದೆಂದು ಉಸಿರೂ ಆಡದೆ ನಿಂತೆ.

ಅಜ್ಜಿ ಹೊಸಲಿಗೆ ಬಂದಳು. ಬುಟ್ಟಿ ಒಂದು ಕೈಯಲ್ಲಿ, ತುಂಬಿದ ಚೊಂಬು ಒಂದು ಕೈಯಲ್ಲಿ. ಇನ್ನು ನೀನೇ ಕಿತ್ತುಕೊಡು ಅಂದಿದ್ದವಳು ನನ್ನನ್ನು ಕರೆಯಲಿಲ್ಲ. ಮೊದಲ ಹೆಜ್ಜೆ, ಎರಡನೆಯದು. ಹೆಬ್ಬೆರಳು ತಗ್ಗಿಗೆ ಇಳಿಯಿತು, ನಿಂತಿತು, ಮೆತ್ತಗಿದ್ದದ್ದನ್ನು ಒಂದು ಸಲ ಒತ್ತಿ ನೋಡಿತು. ಅವಳ ಮುಖವಿಡೀ ಅರಳಿತು.

"ನಂಜುಂಡ," ಅಂದಳು, ಯಾರೋ ಊರಿಂದ ಬಂದವರನ್ನು ಮಾತಾಡಿಸುವ ಹಾಗೆ.

ಮಾದೇವ. ಬಸವ. ಸಿದ್ಧ. ಹೆಜ್ಜೆ ಜೋರಾಯಿತು. ತಾಯಿ ಅಂದವಳೇ ಗಡಿಯಾರದ ಮುಳ್ಳಿನ ಹಾಗೆ ಬಲಕ್ಕೆ ತಿರುಗಿ, ಎಷ್ಟೋ ದಿನದಿಂದ ಇಲ್ಲದ ಧೈರ್ಯದಲ್ಲಿ ದೊಡ್ಡ ಹೆಜ್ಜೆ ಇಟ್ಟು, ನೇರ ಬಂದು ನನಗೆ ಢಿಕ್ಕಿ ಹೊಡೆದಳು. ಚೊಂಬಿನ ನೀರೆಲ್ಲ ನನ್ನ ತಲೆಯ ಮೇಲೆ.

"ಯಾರದು? ಪುಟ್ಟಿ? ದಾರೀಲಿ ಎಲ್ಲಾ ಸರಿಗದೆ, ಇಲ್ಲಿ ನೀನೊಬ್ಳು ಯಾಕ್ ಮಗ ಕಂಬದಂಗೆ ನಿಂತಿದ್ದೀಯೆ?"

ನಾನು ಲಂಗ ಹಿಂಡಿಕೊಳ್ಳುತ್ತ ಪಕ್ಕಕ್ಕೆ ಸರಿದೆ.